ನಾಲ್ಕು ದಿನದ ಕಡಲಿಗೆ ನಲವತ್ತೇಳು ದಿನದ ಪೆಟ್ಟಿಗೆ

ಅದು ಎರಡು ಸಾವಿರದ ಇಪ್ಪತ್ತನಾಲ್ಕನೆಯ ಇಸವಿ; ಆಗ ನನಗೆ ಐವತ್ತೈದು ವರ್ಷ, ಎರಡು ತಿಂಗಳು. ಆ ವರ್ಷ ನಾನು ನಾಲ್ಕು ದಿನದ ಹಡಗಿನ ಪ್ರವಾಸಕ್ಕಾಗಿ ನಲವತ್ತೇಳು ದಿನ ಪೆಟ್ಟಿಗೆ ತುಂಬಿದೆ. ಹೆಮ್ಮೆಗಾಗಿ ಇದನ್ನು ಹೇಳುತ್ತಿಲ್ಲ. ಹೇಳುವುದಾದರೆ ಸರಿಯಾಗಿ ಹೇಳಬೇಕೆಂಬ ಅಭ್ಯಾಸ.

ಹರಿಹರದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿ, ಸ್ವಯಂನಿವೃತ್ತಿ ಪಡೆದು, ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ನೆಲೆಸಿದವನು ನಾನು. ಅಂಗಡಿಯ ಫಲಕದಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಒಳಹೊಕ್ಕು ತಿಳಿಸಿ, ಆ ಮುಜುಗರ ತೀರಿಸಲು ಬೇಡದ ಸಾಮಾನೊಂದನ್ನು ಕೊಂಡು ಬರುತ್ತೇನೆ. ಹೀಗೆ ನಮ್ಮ ಮನೆಯಲ್ಲಿ ಮೂರು ಟಾರ್ಚುಗಳೂ ಒಂದು ಕುದುರೆಯ ಲಾಳವೂ ಸೇರಿಕೊಂಡಿವೆ.

ಆ ಶ್ರಾವಣದಲ್ಲಿ ನನ್ನ ಹೆಂಡತಿ ಗಿರಿಜೆಯ ವಿಮೆಯ ಹಣ ಕೈಗೆ ಬಂತು. ಆಕೆ ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ. “ಸಮುದ್ರ ನೋಡ್ಬೇಕ್ರಿ. ದಂಡಿ ಮ್ಯಾಲೆ ನಿಂತಲ್ಲ, ನಡುವಿನಾಗೆ ನಿಂತು,” ಎಂದಳು, ತಾನೇ ಪ್ರವಾಸದ ಕಚೇರಿಗೆ ಹೋಗಿ ಮುಂಬಯಿಯಿಂದ ಲಕ್ಷದ್ವೀಪದವರೆಗೆ ಹೋಗಿಬರುವ ಹಡಗಿನಲ್ಲಿ ಇಬ್ಬರಿಗೂ ಸ್ಥಳ ಕಾದಿರಿಸಿ ಬಂದಳು. ಡಿಸೆಂಬರ್ ಮೊದಲ ವಾರ ಹೊರಡಬೇಕು. ಬೇಡವೆನಿಸಿದರೆ ನವೆಂಬರ್ ಇಪ್ಪತ್ತೈದರೊಳಗೆ ತಿಳಿಸಬೇಕು. ಈ ಎರಡನೆಯ ವಾಕ್ಯವನ್ನು ಆಕೆ ಓದಲೇ ಇಲ್ಲವೆಂದುಕೊಂಡಿದ್ದೆ. ನಾನು ಓದಿದ್ದು ಅದೊಂದನ್ನೇ.

ನಿಮ್ಮಲ್ಲಿ ಮುಚ್ಚಿಡುವುದೇನು, ನನಗೆ ನೀರೆಂದರೆ ಭಯ. ಹತ್ತನೆಯ ವಯಸ್ಸಿನಲ್ಲಿ ಹರಿಹರದ ಹೊಳೆಯ ಮೆಟ್ಟಿಲಿನಲ್ಲಿ ಪಾಚಿಗೆ ಕಾಲು ಜಾರಿ ಮುಳುಗಿದ್ದೆ. ಬಟ್ಟೆ ಒಗೆಯುತ್ತಿದ್ದವರೊಬ್ಬರು ಜುಟ್ಟು ಹಿಡಿದು ಎಳೆಯುವವರೆಗೆ ನಾನು ಕಂಡ ಹಸಿರು ಕತ್ತಲೆ ಇಂದಿಗೂ ಕಣ್ಣಿನಲ್ಲಿದೆ. ಅಂದಿನಿಂದ ನನ್ನ ಸ್ನಾನವೆಲ್ಲ ಬಕೆಟ್ಟಿನಲ್ಲಿ. ಉಕ್ಕಡಗಾತ್ರಿಯ ಜಾತ್ರೆಗೆ ಹೋದಾಗ ಊರಿಗೆ ಊರೇ ಹೊಳೆಯಲ್ಲಿ ಮುಳುಗೇಳುತ್ತಿದ್ದರೂ ನಾನು ಮೂರು ಹನಿ ತಲೆಗೆ ಚಿಮುಕಿಸಿಕೊಂಡು ಸ್ವಾಮಿಗೆ ಕೈಮುಗಿಯುತ್ತೇನೆ. ಇಂಥವನು ಇಪ್ಪತ್ತೆಂಟು ವರ್ಷ ಮಕ್ಕಳಿಂದ ಕಡಲು, ಶರಧಿ, ಅಂಬುಧಿ, ವಾರಿಧಿ ಎಂದು ಪರ್ಯಾಯ ಪದಗಳನ್ನು ಬಾಯಿಪಾಠ ಮಾಡಿಸಿದ್ದೇನೆ! ಅವುಗಳಲ್ಲಿ ಒಂದಾದರೂ ನನ್ನ ಅಂಗಾಲನ್ನು ತೇವ ಮಾಡಿರಲಿಲ್ಲ.

‘ಬರಲಾರೆ’ ಎಂದು ಹೇಳುವ ಧೈರ್ಯವೂ ಇಲ್ಲ, ಹೊರಡುವ ಧೈರ್ಯವೂ ಇಲ್ಲ. ಹಾಗಾಗಿ ಪಟ್ಟಿ ಮಾಡತೊಡಗಿದೆ.

ಪ್ರವಾಸದ ಕಚೇರಿಯವರು ಕಳುಹಿಸಿದ ಸೂಚನೆಗಳು ಸರಳವಾಗಿದ್ದವು: ಕಡಲಿನ ಮೇಲೆ ಬಿಸಿಲು ಜೋರು, ತೆಳುವಾದ ಹತ್ತಿ ಬಟ್ಟೆ ತನ್ನಿ, ಟೋಪಿ ತನ್ನಿ, ಈಜುವವರು ಈಜುಡುಗೆ ತನ್ನಿ, ತಿಂಡಿ ತರಬೇಡಿ. ಜೊತೆಗೆ ಹಡಗಿನ ಚಿತ್ರವೊಂದಿತ್ತು. ಅದನ್ನು ನಾನು ಬಹಳ ಹೊತ್ತು ನೋಡಿದೆ. ಹನ್ನೊಂದು ಅಂತಸ್ತು! ನಮ್ಮ ಬಡಾವಣೆಯಲ್ಲಿ ಗಟ್ಟಿ ನೆಲದ ಮೇಲೆ ಮೂರು ಅಂತಸ್ತು ಕಟ್ಟಿದ ಮನೆಗೆ ಆಗಲೇ ಬಿರುಕು ಬಿಟ್ಟಿದೆ. ಇದು ನೀರಿನ ಮೇಲೆ ಹನ್ನೊಂದು ಅಂತಸ್ತು ಹೊತ್ತು ತೇಲುತ್ತದೆ. ಅದರ ನೆತ್ತಿಯ ಮೇಲೆ ಮತ್ತೊಂದು ಈಜುಕೊಳ. ಅಷ್ಟು ನೀರಿನ ನಡುವೆಯೂ ಮನುಷ್ಯ ತನ್ನದೇ ಒಂದಿಷ್ಟು ನೀರನ್ನು ಹೊತ್ತು ಹೋಗುತ್ತಾನೆ ಎಂಬುದು ನನ್ನನ್ನು ಬೆರಗಾಗಿಸಿತು.

ಪಟ್ಟಿ ನೂರಹನ್ನೆರಡು ವಸ್ತುಗಳಿಗೆ ಬೆಳೆಯಿತು. ಗಾಳಿ ಬೀಸಿದರೆ ಉಣ್ಣೆಯ ಟೋಪಿ, ಗಾಳಿ ನಿಂತರೆ ಬೀಸಣಿಗೆ, ವಾಂತಿಗೆ ನಿಂಬೆಹಣ್ಣು, ಗುಂಡಿ ಕಿತ್ತರೆ ಸೂಜಿ ದಾರ. ಹರಿಹರದ ಗುಡಿಯ ದೇವರನ್ನು ಈ ದಿನಗಳಲ್ಲಿ ಬಹಳ ನೆನೆದೆ. ಒಂದೇ ಮೈಯಲ್ಲಿ ಬಲಕ್ಕೆ ಶಿವ, ಎಡಕ್ಕೆ ವಿಷ್ಣು. ಇಬ್ಬರು ದೇವರ ಸಾಮಾನೆಲ್ಲ ನಾಲ್ಕು ಕೈಗಳಲ್ಲಿ ಅಡಕ. ಮೂರು ಲೋಕಗಳ ವ್ಯವಹಾರ ಅಷ್ಟರಲ್ಲಿ ನಡೆಯುತ್ತಿರುವಾಗ ನನಗೆ ಎರಡು ಉಗುರುಕತ್ತರಿಗಳೇಕೆ ಎಂದು ನಾಚಿಕೆಯಾಯಿತು. ನಾಚಿಕೊಂಡೇ ಎರಡನ್ನೂ ಇಟ್ಟೆ.

ಎರಡನೆಯ ವಾರಕ್ಕೆ ಪೆಟ್ಟಿಗೆಯ ಜಿಪ್ಪು ಹರಿಯಿತು. ಹರಿಹರದ ರಹೀಂ ಸಾಬರು ನಾನು ಮೇಷ್ಟರಾದಾಗಿನಿಂದ ನನ್ನ ಚೀಲಗಳನ್ನು ಹೊಲಿದು ಕೊಡುತ್ತಿರುವವರು. ಪೆಟ್ಟಿಗೆಯನ್ನು ಎತ್ತಿ ನೋಡಿ, ಎತ್ತಲಾಗದೆ ಕೆಳಗಿಟ್ಟರು.

“ಏನ್ ಮೇಷ್ಟ್ರೆ, ಹಡಗಿಗೆ ಹೊಂಟೀರೋ, ಹಡಗನ್ನೇ ಮಡಚಿ ಇದರಾಗೆ ಇಟ್ಟೀರೋ?”

“ಎಲ್ಲವೂ ಅಗತ್ಯದ ವಸ್ತುಗಳೇ, ಸಾಬ್ರೆ.”

“ಜಿಪ್ಪು ಹಾಕಿ ಕೊಡ್ತೀನಿ. ಆದ್ರೆ ಗ್ಯಾರಂಟಿ ಜಿಪ್ಪಿಗೆ ಐತೆ, ನಿಮಗಿಲ್ಲ.”

ಮೂರನೆಯ ವಾರ ಕೊಕ್ಕನೂರಿನಿಂದ ಗಿರಿಜೆಯ ಅಕ್ಕ ಗಂಗಕ್ಕ ಬಂದರು. ದೂರದ ಊರಿಗೆ ಹೊರಟವರಿಗೆ ಬುತ್ತಿ ಕಟ್ಟುವುದು ನಮ್ಮವರಲ್ಲಿ ಪ್ರೀತಿಯ ಲಕ್ಷಣ. ಬೇಡವೆನ್ನುವುದು ಜಗಳದ ಲಕ್ಷಣ. ಐವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸೆ ಚಟ್ನಿಪುಡಿ, ಮೇಲೆ ದಿಂಬಿನ ಗಾತ್ರದ ಮಂಡಕ್ಕಿ ಚೀಲ.

“ಹಡಗಿನಲ್ಲಿ ಹೊರಗಿನ ಊಟ ಬಿಡುವುದಿಲ್ಲ, ಅಕ್ಕ,” ಎಂದೆ.

“ಸರಿ ಮತ್ತೆ, ಬಿಡಬಾರ್ದು. ಇದು ಹೊರಗಿಂದಲ್ಲ, ಮನೀದು.”

ತೂಕಕ್ಕೆ ಮಿತಿ ಇದೆಯೆಂದೆ. ಗಂಗಕ್ಕ ಮಂಡಕ್ಕಿ ಚೀಲವನ್ನು ಒಂದು ಬೆರಳಿನಲ್ಲಿ ಎತ್ತಿ ತೋರಿಸಿದರು. “ತೂಕ ಎಲ್ಲೈತೆ ಹೇಳ್ರಿ?” ತೂಕವೇನೋ ಇರಲಿಲ್ಲ, ಆದರೆ ಪೆಟ್ಟಿಗೆಯಲ್ಲಿ ಅದನ್ನಿಟ್ಟ ಮೇಲೆ ಬೇರಾವುದಕ್ಕೂ ಸ್ಥಳವಿರಲಿಲ್ಲ. ನನಗೆ ಒಳಗೊಳಗೇ ಸಮಾಧಾನವಾಯಿತು. ತುಂಬದ ಪೆಟ್ಟಿಗೆಯೇ ಪ್ರಯಾಣ ನಿಲ್ಲಿಸಿತು ಎಂದು ಹೇಳಿಬಿಡಬಹುದಲ್ಲ! ಎಲ್ಲವನ್ನೂ ಹೊರಗೆ ತೆಗೆದು ಮೊದಲಿನಿಂದ ತುಂಬತೊಡಗಿದೆ.

ಗಿರಿಜೆ ಇದನ್ನೆಲ್ಲ ನೋಡುತ್ತ ತನ್ನ ಕೆಲಸದಲ್ಲಿದ್ದಳು. ಒಂದು ದಿನ ಮಾತ್ರ, “ನಿಮ್ ಪಟ್ಟಿ ಮುಗಿಯೋದ್ರಾಗೆ ಹಡಗು ಹೋಗಿ ವಾಪಸ್ ಬಂದಿರ್ತೈತೆ,” ಎಂದಳು. ಆಕೆಯ ಸಾಮಾನೆಲ್ಲ ಒಂದು ಸಣ್ಣ ಚೀಲದಲ್ಲಿ ಮುಗಿದಿತ್ತು. ಅರ್ಧ ಗಂಟೆಯಲ್ಲಿ ತುಂಬಿ, ಮಂಚದ ಕೆಳಗೆ ತಳ್ಳಿದ್ದಳು.

ಆ ಚೀಲವೂ ನನ್ನ ಪಟ್ಟಿಗೆ ತಾಳೆಯಾಗಬೇಕೆಂಬುದು ನನ್ನ ಹಟ. ನವೆಂಬರ್ ಇಪ್ಪತ್ತಮೂರರ ಶನಿವಾರ ಮಧ್ಯಾಹ್ನ ಅದನ್ನು ಎಳೆದು ಬಿಚ್ಚಿದೆ. ಎರಡು ನೂಲಿನ ಸೀರೆ, ಎರಡು ಚೂಡಿದಾರ, ವಿಭೂತಿಯ ಗಟ್ಟಿ, ಮಾತ್ರೆಗಳು. ಅವುಗಳಡಿಯಲ್ಲಿ ಕಡುನೀಲಿಯ ಉಡುಪೊಂದಿತ್ತು: ಮೊಣಕೈವರೆಗೆ ತೋಳು, ಮೊಣಕಾಲಿನ ಕೆಳಗಿನವರೆಗೆ ಕಾಲು. ಜೊತೆಗೆ ರಬ್ಬರಿನ ಟೋಪಿ, ನೀರಿನ ಕನ್ನಡಕ. ಹೊಸದಾಗಿದ್ದರೆ ನಾನು ಅಷ್ಟು ಬೆರಗಾಗುತ್ತಿರಲಿಲ್ಲ. ಮೊಣಕಾಲಿನ ಬಳಿ ಬಣ್ಣ ಮಾಸಿತ್ತು; ಈಜುಕೊಳಕ್ಕೆ ಹಾಕುವ ಔಷಧಿಯ ವಾಸನೆ ಎಳೆಎಳೆಗೂ ಹತ್ತಿತ್ತು.

“ಯಾರದು ಇದು?”

“ನಂದೇ,” ಎಂದಳು ಗಿರಿಜೆ, ಅವರೆಕಾಯಿ ಬಿಡಿಸುತ್ತ. “ಮೂರು ತಿಂಗಳಾತು. ಬೆಳಿಗ್ಗೆ ಆರೂವರೆಗೆ ಹೆಂಗಸರ ಬ್ಯಾಚು.”

“ವಾಕಿಂಗ್ ಹೋಗುತ್ತೇನೆ ಎಂದಿದ್ದೆಯಲ್ಲ?”

“ನಡ್ಕಂಡೇ ಹೋಗ್ತಿದ್ದೆ. ಆಟೋದಾಗೆ ಹೋಗಿಲ್ಲ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಅದಕ್ಕೂ ಒಂದು ಪಟ್ಟಿ ಮಾಡ್ತಿದ್ರಿ.” ಆಕೆ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು. “ನಮ್ಮೂರ ಬಾವ್ಯಾಗೆ ಅಣ್ಣಂದಿರು ಈಜೋರು. ನಾನು ಮ್ಯಾಲೆ ಕೂತು ಅವರ ಅಂಗಿ ಕಾಯಾಕಿ. ಒಂದಿನಾನೂ ಯಾರೂ ‘ನೀನೂ ಬಾ’ ಅನ್ಲಿಲ್ಲ. ನೀವು ಅಂಜ್ತೀರಿ ಅಂತ ನಂಗೊತ್ತು. ನಾಳಿದ್ದಿನ ತಾರೀಖೂ ಗೊತ್ತು. ರದ್ದು ಮಾಡ್ತೀರಾದ್ರೆ ಮಾಡ್ರಿ. ಆದ್ರೆ ಪೆಟ್ಟಿಗೆ ಮ್ಯಾಲೆ ತಪ್ಪು ಹೊರಿಸಬ್ಯಾಡ್ರಿ.”

ಇಪ್ಪತ್ತೆಂಟು ವರ್ಷ ಇತರರ ಉತ್ತರಪತ್ರಿಕೆ ತಿದ್ದಿದವನನ್ನು ಇಷ್ಟು ಚೊಕ್ಕವಾಗಿ ಯಾರೂ ತಿದ್ದಿರಲಿಲ್ಲ. ಆ ನೀಲಿ ಬಟ್ಟೆಯನ್ನು ಮಡಿಸಿ ಮತ್ತೆ ಚೀಲದಲ್ಲಿಟ್ಟೆ. ಮೂರು ತಿಂಗಳು ಒಬ್ಬಾಕೆ ದಿನವೂ ನೀರಿಗೆ ಬಿದ್ದೆದ್ದು ಬಂದು, ತಲೆ ಒರೆಸಿಕೊಂಡು, ನನಗೆ ಉಪ್ಪಿಟ್ಟು ಬಡಿಸಿದ್ದಾಳೆ. ಒದ್ದೆ ಕೂದಲನ್ನು ನೋಡಿಯೂ ನಾನು ಕೇಳಿರಲಿಲ್ಲ. ಮನೆಯಲ್ಲಿರುವ ಪ್ರತಿ ವಸ್ತುವಿಗೂ ಸಂಖ್ಯೆ ಕೊಟ್ಟವನ ಲೆಕ್ಕಕ್ಕೆ ಅದು ಬಂದಿರಲಿಲ್ಲ.

ಮರುದಿನ ಭಾನುವಾರ, ಕೊಳದಲ್ಲಿ ಮನೆಯವರಿಗೆಲ್ಲ ಪ್ರವೇಶ. ಅವಳ ಹಿಂದೆ ನಾನೂ ಹೋದೆ. ನೀಲಿ ಉಡುಪಿನಲ್ಲಿ ಗಿರಿಜೆ ಮೆಟ್ಟಿಲಿಳಿದಳು, ಎರಡು ಕೈಗಳನ್ನೂ ಮುಂದೆ ಚಾಚಿದಳು, ನೆಲವನ್ನು ಬಿಟ್ಟಳು. ಅಷ್ಟೆ. ಮನೆಯಲ್ಲಿ ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದು ನಿಲ್ಲುವವಳು ನೀರಿನಲ್ಲಿ ತೂಕವೇ ಇಲ್ಲದವಳಂತೆ ಸಾಗಿದಳು. ಚಂದ ಎನ್ನುವಂತಿರಲಿಲ್ಲ, ಕಾಲು ಬಡಿದಾಗ ನೀರು ದಿಕ್ಕಾಪಾಲಾಗಿ ಸಿಡಿಯುತ್ತಿತ್ತು, ಉಸಿರಿಗಾಗಿ ಬಾಯಿ ಓರೆಯಾಗುತ್ತಿತ್ತು. ಆದರೂ ಒಂದು ಗಳಿಗೆಯೂ ನಿಲ್ಲಲಿಲ್ಲ. ನಡುಗೊಳವನ್ನು, ಆಳ ಬರೆದಿದ್ದ ಗುರುತನ್ನು ದಾಟಿ ಆ ದಡವನ್ನು ಮುಟ್ಟಿ, ತಿರುಗಿ ಕೂಗಿದಳು:

“ಏನ್ರಿ, ಏನಾತು ತೀರ್ಮಾನ?”

ನಾನು ಚಪ್ಪಲಿ ಬಿಟ್ಟೆ. ಪ್ಯಾಂಟನ್ನು ಎರಡು ಸಮನಾದ ಮಡಿಕೆ ಮಡಿಸಿದೆ. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮೊದಲ ಮೆಟ್ಟಿಲಿನ ಮೇಲೆ ಪಾದವಿಟ್ಟೆ; ಎರಡನೆಯದರ ಮೇಲೂ ಇಟ್ಟೆ. ನೀರು ಮೀನಖಂಡಕ್ಕೆ ಬಂತು. ಹೆದರಿಕೆ ಹೋಯಿತೆಂದರೆ ಸುಳ್ಳಾದೀತು. ಅದು ಅಲ್ಲಿಯೇ ಇತ್ತು. ಆದರೆ ನಲವತ್ತೈದು ವರ್ಷಗಳಲ್ಲಿ ಮೊದಲ ಬಾರಿಗೆ ನೀರಿನಲ್ಲಿ ನಿಂತು ಹೆದರುತ್ತಿದ್ದೆ, ಅದೂ ಆಚೆ ದಡದಿಂದ ನನ್ನತ್ತ ಒಬ್ಬಾಕೆ ಈಜಿ ಬರುತ್ತಿರುವಾಗ.

“ಹೋಗೋಣ,” ಎಂದೆ. ಧ್ವನಿ ಅಷ್ಟು ದೂರ ಹೋಗಲಿಲ್ಲವೆನಿಸಿ ಇನ್ನೊಮ್ಮೆ ಕೂಗಿ ಹೇಳಿದೆ. ಕೊಳದಲ್ಲಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು. ಅದು ಎರಡು ಸಾವಿರದ ಇಪ್ಪತ್ತನಾಲ್ಕನೆಯ ಇಸವಿ ನವೆಂಬರ್ ತಿಂಗಳ ಇಪ್ಪತ್ತನಾಲ್ಕನೆಯ ತಾರೀಖು, ಭಾನುವಾರ, ಬೆಳಿಗ್ಗೆ ಎಂಟೂಕಾಲು ಗಂಟೆ.