ಬೇಲಿಯೊಳಗಿನ ಹಕ್ಕಲು

ಸಿರುಗುಪ್ಪದ ಭತ್ತದ ದಲಾಲಿ ಕೊಟ್ಟೂರಪ್ಪನ ಬಾಯಲ್ಲಿ ಅರವತ್ತೆರಡನೆಯ ವಯಸ್ಸಿಗೆ ಇಪ್ಪತ್ತೊಂದು ಹಲ್ಲು ಇದ್ದವು. ಮಿಕ್ಕ ಹನ್ನೊಂದನ್ನು ಭತ್ತ ತಿಂದಿತ್ತು. ಗಿರಣಿಯವರು ತೇವ ಅಳೆಯುವ ಯಂತ್ರ ತಂದು ಎಷ್ಟೋ ವರ್ಷವಾಗಿದ್ದರೂ ಆತ ಮಾತ್ರ ಚೀಲಕ್ಕೆ ಕೈಹಾಕಿ, ನಾಲ್ಕು ಕಾಳು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಅಕ್ಕಿಯನ್ನು ಹಲ್ಲಿಗೆ ಕೊಡುತ್ತಿದ್ದ. ಕಟ್ ಎಂದರೆ ಒಣಗಿದೆ. ಮೆತ್ತಗಾದರೆ ಇನ್ನೆರಡು ಬಿಸಿಲು ಬೇಕು. ಯಂತ್ರ ಬೇರೆ ಹೇಳಿದರೆ ಯಂತ್ರವನ್ನೇ ರಿಪೇರಿಗೆ ಕಳಿಸಿ ಎನ್ನುವ ಗತ್ತು. ಗತ್ತಿಗೆ ಕಾರಣವೂ ಇತ್ತು. ಮೂವತ್ತೈದು ವರ್ಷದಲ್ಲಿ ಭತ್ತ ಅವನಿಗೆ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಮನುಷ್ಯರು ಹೇಳಿದ್ದರು, ಆದರೆ ಅದು ವ್ಯಾಪಾರ.

ಬೇಸಿಗೆ ಬೆಳೆಯ ನಾಟಿಗೆ ಮುಂಚೆ ಅಮರೇಶ್ ಎಂಬ ಬೀಜದ ಕಂಪನಿಯ ಅಧಿಕಾರಿ ಅವನ ಅಂಗಡಿ ಹುಡುಕಿಕೊಂಡು ಬಂದ. ಇಸ್ತ್ರಿ ಮುರಿಯದ ಅಂಗಿ, ಬೆಂಗಳೂರ ಕಡೆಯ ಮಾತು. ಹೊಸ ತಳಿಯ ಪ್ರಯೋಗಕ್ಕೆ ನಾಲ್ಕು ಎಕರೆ ಬೇಕು, ಕಾಲುವೆ ಹತ್ತಿರ ಇರಬೇಕು, ರಸ್ತೆಗೆ ಕಾಣಬಾರದು. ಹಚ್ಚೊಳ್ಳಿಯಲ್ಲಿ ಅಂಥ ಹೊಲವನ್ನು ಕೊಟ್ಟೂರಪ್ಪ ಎರಡೇ ದಿನಕ್ಕೆ ಕುದುರಿಸಿದ. ಸುತ್ತ ತಂತಿ ಬೇಲಿ, ಒಬ್ಬ ಕಾವಲುಗಾರ. ಬೆಳೆದದ್ದೆಲ್ಲ ಮುಚ್ಚಿದ ಲಾರಿಯಲ್ಲಿ ಹೋಗಬೇಕು, ಒಂದು ಕಾಳೂ ಹೊರಗೆ ಉಳಿಯಕೂಡದು ಎಂದು ಕರಾರು. ಸ್ಥಳೀಯ ಜವಾಬ್ದಾರಿ ತನ್ನದೆಂದು ಕೊಟ್ಟೂರಪ್ಪ ಸಹಿ ಹಾಕಿದ. ಅದು ಎಂಥ ಭತ್ತ ಎಂದು ಕೇಳಲಿಲ್ಲ. ಕೇಳದೆ ಇರುವುದಕ್ಕೂ ದಲಾಲಿಗಳಿಗೆ ಒಂದು ಅಭ್ಯಾಸವಿರುತ್ತದೆ.

ಕೊಯ್ಲಾಯಿತು. ಮಿಷನ್ನು ಬಂದು ಒಂದೇ ದಿನಕ್ಕೆ ನಾಲ್ಕು ಎಕರೆ ಬೋಳಿಸಿತು, ಲಾರಿ ಬಾಗಿಲು ಮುಚ್ಚಿಕೊಂಡು ಹೋಯಿತು, ಕಾವಲುಗಾರನೂ ಅದರಲ್ಲೇ ಹತ್ತಿಕೊಂಡ. ಮರುದಿನ ಬೆಳಿಗ್ಗೆ ಕೊಟ್ಟೂರಪ್ಪ ಹೊಲ ನೋಡಲು ಹೋದರೆ ಬೇಲಿಯ ಹೊರಗೆ ಬುಟ್ಟಿ, ಹಾರೆ ಹಿಡಿದು ಆರು ಹೆಂಗಸರು ನಿಂತಿದ್ದರು. ಮುಂದೆ ನಿಂತವಳು ಹಂಪಮ್ಮ. ಹಚ್ಚೊಳ್ಳಿಯ ಕೂಲಿಯವಳು, ಐವತ್ತೈದರ ಹತ್ತಿರ ಹತ್ತಿರ. ಮಿಷನ್ನು ಬಂದ ಮೇಲೆ ಅವಳ ಕುಡುಗೋಲಿಗೆ ಕೆಲಸ ಹೋಗಿತ್ತು. ಕೊಯ್ದ ಹೊಲದಲ್ಲಿ ಉದುರಿದ ತೆನೆ ಆಯುವ ಹಕ್ಕಲು ಮಾತ್ರ ಉಳಿದಿತ್ತು.

"ಏನ್ರಿ ಸಾವ್ಕಾರ್ರ, ಹೊಲಕ್ಕೂ ಬಾಗ್ಲ ಇಡ್ಸೀರಿ? ಮುಂದಿನ ಸಲ ಕಾಲಿವಿಗೂ ಕೀಲಿ ಜಡಿಸ್ರಿ ಮತ್ತ."

"ಕಂಪನಿಯೋರ ಹೊಲ ಬೇ ಅದು. ಒಂದು ಕಾಳು ಹೊರಗ ಹೋಗಬಾರ್ದು ಅಂದಾರ."

"ಅವ್ರ ಕಾಳು ಲಾರ್ಯಾಗ ಹೋತು. ಬಿದ್ದ ಕಾಳು ಯಾರ್ದು? ನಿಮ್ಮಪ್ಪ ಇದ್ದಾಗೂ ಬಿದ್ದದ್ದು ನಮ್ದ ಇತ್ತು."

ಆ ಸೀಮೆಯಲ್ಲಿ ಎಂಥ ಜಿಪುಣನಾದರೂ ಹಕ್ಕಲಿನವರನ್ನು ಹೊಲದಿಂದ ಅಟ್ಟಿದ್ದಿಲ್ಲ. ಅಟ್ಟಿದವನ ಹೆಸರನ್ನು ಮೂರು ತಲೆಮಾರು ಆಡಿಕೊಳ್ಳುತ್ತದೆ ಊರು. ಕರಾರಿನಲ್ಲಿ ಹನ್ನೊಂದು ಷರತ್ತಿದ್ದವು, ಹಕ್ಕಲಿನ ಮಾತು ಒಂದರಲ್ಲೂ ಇರಲಿಲ್ಲ. ಬರೆದ ಪುಣ್ಯಾತ್ಮ ಕೊಯ್ಲಾದ ಮರುದಿನದ ಹೊಲ ನೋಡಿದ್ದರೆ ತಾನೆ? ಕೊಟ್ಟೂರಪ್ಪ ತಂತಿ ಬಿಚ್ಚಿ ಪಕ್ಕಕ್ಕೆ ಸರಿದ. ದೊಡ್ಡ ದಾನಿಯಂತೆ ಬದುವಿನ ಮೇಲೆ ಕುಳಿತುಕೊಂಡ.

ಮಿಷನ್ನು ತಿರುವಿನಲ್ಲಿ ಬಿಟ್ಟದ್ದು, ಮೂಲೆಯಲ್ಲಿ ಚೆಲ್ಲಿದ್ದು, ಎಲ್ಲವನ್ನೂ ಆಯ್ದರು. ಆಮೇಲೆ ಹಾರೆ ಹಾಕಿ ಇಲಿಬಿಲ ಅಗೆದರು. ಇಲಿಗಳು ಬಿಲದೊಳಗೆ ಕೂಡಿಟ್ಟ ತೆನೆಯೂ ಹಕ್ಕಲಿನವರ ಪಾಲೇ. ಬಿಲದಿಂದ ಬಿಲಕ್ಕೆ ಬುಟ್ಟಿ ತುಂಬುತ್ತಲೇ ಹೋಯಿತು.

"ಸಾವ್ಕಾರ್ರ, ನಿಮ್ಮ ಕಂಪನಿ ಇಲಿಗೋಳು ಭಾಳ ಸಂಭಾವಿತರು ನೋಡ್ರಿ," ಎಂದಳು ಹಂಪಮ್ಮ. "ಕೂಡಿಟ್ಟದ್ದೆಲ್ಲಾ ನಮಿಗೇ ಬಿಟ್ಟು ಹೋಗ್ಯಾವ. ಒಂದೂ ಕಾಣವಲ್ದು."

ಕೊಟ್ಟೂರಪ್ಪ ಅವಳ ಬುಟ್ಟಿಯಿಂದ ನಾಲ್ಕು ಕಾಳು ಉಜ್ಜಿ ಕಡಿದ. "ಫಸ್ಟ್ ಕ್ಲಾಸ್," ಎಂದ.

ತಿಂಗಳೊಪ್ಪತ್ತಿಗೆ ಅಮರೇಶ್ ಮತ್ತೆ ಬಂದ. ಚಹಾ ಕುಡಿಯುತ್ತಾ, ಹಕ್ಕಲು ಆಯೋರು ಯಾರಾದ್ರೂ ಹೊಲಕ್ಕೆ ಬಂದಿದ್ರಾ ಸಾರ್, ಎಂದು ಕೇಳಿದ. ಬೈಗುಳಕ್ಕೆ ಸಿದ್ಧನಾಗಿ ಕೊಟ್ಟೂರಪ್ಪ ಇದ್ದದ್ದು ಹೇಳಿದ. ಅಮರೇಶ್ ಬೈಯಲಿಲ್ಲ. "ಬಡವರು, ತಗೊಂಡ್ ಹೋಗ್ಲಿ ಬಿಡಿ. ಹೆಸರು ಹೇಳಿ, ಕಂಪನಿ ಕಡೆಯಿಂದ ಅವರಿಗೆ ಏನಾದ್ರೂ ಮಾಡೋಣ," ಎಂದ. ಆರು ಹೆಸರನ್ನೂ ಮನೆ ಗುರುತಿನ ಸಮೇತ ಕೊಟ್ಟೂರಪ್ಪ ಹೇಳಿ ಬರೆಸಿದ.

ವಾರದೊಳಗೆ ಹಚ್ಚೊಳ್ಳಿಯಲ್ಲಿ ಕಂಪನಿಯ ಉಚಿತ ಆರೋಗ್ಯ ಶಿಬಿರ. ಶಾಮಿಯಾನ ಹೊಡೆಸಿದವನು ಕೊಟ್ಟೂರಪ್ಪ, ಹಾರ ಹಾಕಿಸಿಕೊಂಡವನೂ ಅವನೇ. ಊರವರಿಗೆಲ್ಲ ಬಿಪಿ ನೋಡಿ ಕಳಿಸಿದರು. ಆರು ಹೆಂಗಸರನ್ನು ಮಾತ್ರ ಒಳಗೆ ಕರೆದು ರಕ್ತ ತೆಗೆದುಕೊಂಡರು, ಶಕ್ತಿಗೆಂದು ಕೆಂಪು ಗುಳಿಗೆ ಕೊಟ್ಟರು, ದಿನಕ್ಕೆ ಎಷ್ಟು ಸಲ ಅನ್ನ ಉಣ್ಣುತ್ತೀರಿ ಎಂದು ಕೇಳಿ ಬರೆದುಕೊಂಡರು. ಪ್ರತಿ ಶನಿವಾರ ಬಂದರು. "ನನ್ನ ರಕ್ತದಾಗ ಅಂಥಾದ್ದೇನೈತೋ, ವಾರವಾರ ಗಿರಾಕಿ ಬರ್ತಾರ," ಎಂದು ಹಂಪಮ್ಮ ನಗಾಡಿದಳು.

ಮಳೆಗಾಲ ಹತ್ತುವಷ್ಟರಲ್ಲಿ ಅವಳ ವಸಡಿನಲ್ಲಿ ರಕ್ತ ಕಾಣಿಸಿತು. ಮೈಮೇಲೆ ಅಲ್ಲಲ್ಲಿ ನೀಲಿ ಕಲೆ ಎದ್ದವು. ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಸೇರಿಸಿದರು, ಎಂಟು ದಿನಕ್ಕೆ ಸುಧಾರಿಸಿ ಮನೆಗೆ ಬಂದಳು. ಹದಿನೈದು ದಿನ ಕಳೆಯುವುದರೊಳಗೆ ಮತ್ತೆ ಅದೇ ರಕ್ತ, ಮತ್ತೆ ಬಳ್ಳಾರಿ.

ಗಿರಣಿ ಕೆಲಸಕ್ಕೆಂದು ಬಳ್ಳಾರಿಗೆ ಹೋದ ಒಂದು ಸೋಮವಾರ ಕೊಟ್ಟೂರಪ್ಪ ಬಾಳೆಹಣ್ಣು ಹಿಡಿದು ಅವಳನ್ನು ನೋಡಲು ಹೋದ. ಮಂಚ ಖಾಲಿ. ಹಿಂದಿನ ದಿನವೇ ಹಟ ಹಿಡಿದು ಊರಿಗೆ ಹೋಗಿದ್ದಳು. ಡಾಕ್ಟರ್ ಹೇಮಾ ಅವನನ್ನು ಕೂರಿಸಿಕೊಂಡು, ಊರ ಹಿರಿಯನೆಂದು ನಂಬಿ ಮಾತಾಡಿದಳು.

"ಇಲಿ ಪಾಷಾಣ ತಿಂದೋರ ರಕ್ತ ಹಿಂಗ ಇರ್ತೈತ್ರಿ, ಹೆಪ್ಪಗಟ್ಟಂಗಿಲ್ಲ. ಇಲ್ಲಿದ್ರ ಆರಾಮಾಗ್ತಾರ, ಮನಿಗೆ ಹೋದ್ರ ಮತ್ತ ಶುರು. ಮನ್ಯಾಗ ಯಾರೋ ಊಟದಾಗ ಹಾಕಾಕತ್ತಾರ. ಪೊಲೀಸ್ರಿಗೆ ಹೇಳೀನಿ."

ಮನೆಯಲ್ಲಿ ಇದ್ದವಳು ಒಬ್ಬಳೇ, ಸೊಸೆ ಸುಮಂಗಲಾ. ಮಗ ಲಾರಿಯ ಮೇಲೆ ಊರೂರು ತಿರುಗುವವನು. ಸುಮಂಗಲಾ ಕುರುಗೋಡಿನ ಹುಡುಗಿ, ರೊಟ್ಟಿಯಿಲ್ಲದೆ ಊಟ ಸೇರದು. ಅತ್ತೆಗೆ ಅನ್ನ ಬೇಯಿಸಿ ಬಡಿಸಿ, ತಾನು ರೊಟ್ಟಿ ತಟ್ಟಿಕೊಳ್ಳುತ್ತಿದ್ದಳು. ಒಂದೇ ಮನೆಯಲ್ಲಿ ಎರಡು ಅಡುಗೆ ಎಂಬುದೇ ಪೊಲೀಸರಿಗೆ ಸಾಕಾಯಿತು. ವಿಚಾರಣೆ ಮುಗಿಯುವ ತನಕ ಅವಳನ್ನು ತವರಿಗೆ ಕಳಿಸಿದ್ದರು. ಇನ್ನು ಮುಂದೆ ನಾನೇ ಬೇಯಿಸಿಕೊಂಡು ಉಣ್ಣುತ್ತೇನೆ ಎಂದು ಹಂಪಮ್ಮ ಊರಿಗೆ ಹೋಗಿದ್ದಳು.

ಸಿರುಗುಪ್ಪದ ಬಸ್ಸು ಹತ್ತಿ ಕುಳಿತಾಗ ಕೊಟ್ಟೂರಪ್ಪನ ತಲೆಯಲ್ಲಿ ಇಲಿ ಪಾಷಾಣವೇ ಓಡುತ್ತಿತ್ತು. ಊರು ದಾಟುವ ಹೊತ್ತಿಗೆ ಬಿಲ ನೆನಪಾಯಿತು. ತುಂಬಿದ ಬಿಲ, ಇಲ್ಲದ ಇಲಿ. ಇಲಿ ಕೂಡಿಟ್ಟದ್ದನ್ನು ಬಿಟ್ಟು ಹೋಗುವುದಿಲ್ಲ, ಇದು ಭತ್ತದ ವ್ಯಾಪಾರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಸ್ಸಿನಲ್ಲೇ ಅಮರೇಶನಿಗೆ ಫೋನು ಮಾಡಿದ. ಸಂಜೆಯೊಳಗೆ ಅಮರೇಶ್ ಅಂಗಡಿಯಲ್ಲಿ ಇದ್ದ.

"ಆ ಅಕ್ಕ್ಯಾಗ ಏನೈತಿ?"

"ಔಷಧಿ ಸಾರ್. ಹಾರ್ಟ್ ಪೇಶೆಂಟುಗಳ ರಕ್ತ ಗಟ್ಟಿಯಾಗದ ಹಾಗೆ ನೋಡ್ಕೊಳ್ಳೋ ಔಷಧಿ. ಭತ್ತದ ಗುಣ ಬದಲಾಯಿಸಿ, ಕಾಳಿನೊಳಗೇ ಅದು ಬೆಳೆಯೋ ಹಾಗೆ ಮಾಡಿದ್ದಾರೆ. ಊಟಕ್ಕಲ್ಲ."

"ಹಂಗಾದ್ರ ಉಣಬ್ಯಾಡ್ರಿ ಅಂತ ಆ ಹೆಣ್ಮಕ್ಕಳಿಗೆ ಹೇಳಬೇಕಿತ್ತಲ್ಲಪ! ವಾರವಾರ ಹೋಗಿದ್ರಿ!"

ಅಮರೇಶ್ ಚಹಾದ ಲೋಟವನ್ನು ತಿರುಗಿಸಿದ. "ಮೇಲಿನವರು, ನೋಡೋಣ ಅಂದ್ರು."

"ಏನು ನೋಡಾಕ?"

"ಎಷ್ಟು ತಿಂದ್ರೆ ಏನಾಗುತ್ತೆ ಅಂತ."

ಕೊಟ್ಟೂರಪ್ಪ ಎದ್ದು ನಿಂತ. ಅಮರೇಶ್ ಏಳಲಿಲ್ಲ, ಕರಾರಿನ ಹಾಳೆಯ ಫೋಟೋ ತೆಗೆದು ತೋರಿಸಿದ. "ಸಹಿ ನಿಮ್ಮದು ಸಾರ್. ತಂತಿ ಬಿಚ್ಚಿದ್ದು ನೀವು, ಹೆಸರು ಕೊಟ್ಟದ್ದು ನೀವು, ಶಾಮಿಯಾನನೂ ನಿಮ್ಮದೇ. ಬಾಯಿ ಬಿಟ್ರೆ ಮೊದಲು ಬರೋ ಹೆಸರು ಯಾರದು ಅಂತ ಯೋಚನೆ ಮಾಡಿ."

ಕೊಟ್ಟೂರಪ್ಪ ಯೋಚನೆ ಮಾಡಿದ. ಮಂಗಳವಾರ ಮಾಡಿದ, ಬುಧವಾರವೂ ಮಾಡಿದ. ತಾನು ಕಡಿದು ಒಳ್ಳೆಯದೆಂದ ಭತ್ತ ಹೆಂಗಸರನ್ನು ಕೊಲ್ಲುತ್ತಿದೆ ಎಂದು ಸುದ್ದಿಯಾದರೆ ಯಾವ ಗಿರಣಿ ತನ್ನ ಮಾತಿಗೆ ಚೀಲ ಬಿಚ್ಚೀತು? ಜೈಲೂ ಕಣ್ಣ ಮುಂದೆ ಬಂತು. ಯಾರಾದರೂ ಕಂಡುಹಿಡಿದಾರು, ಡಾಕ್ಟರು ಬುದ್ಧಿವಂತೆ ಇದ್ದಾಳೆ ಎಂದು ಸಮಾಧಾನವನ್ನೂ ಹೇಳಿಕೊಂಡ. ಸರಕು ಕೆಟ್ಟಿದೆ ಎಂದು ಗೊತ್ತಿದ್ದೂ ಇನ್ನೊಂದು ದಿನ ಕಾಯೋಣ ಎನ್ನುವ ವ್ಯಾಪಾರಿಯ ಚಾಳಿ ಅದು, ಭತ್ತದಲ್ಲಿ ನಡೆಯುತ್ತದೆ.

ಗುರುವಾರ ಬೆಳಿಗ್ಗೆಯೂ ತಟ್ಟೆಯ ಅನ್ನ ಹಾಗೇ ಉಳಿಯಿತು. ಹೆಂಡತಿ ವೀರಭದ್ರಮ್ಮ ಎದುರು ಬಂದು ಕುಳಿತಳು.

"ಏನ್ರಿ, ಭತ್ತದ ದಲಾಲಿ ಅನ್ನ ಬಿಟ್ಟಾನ ಅಂತ ಊರಾಗ ನಗತಾರ. ಏನಾಗೇತಿ ಹೇಳ್ರಿ."

ಹೇಳಿದ. ಪೂರಾ ಹೇಳಿದ. ಬೈಯುತ್ತಾಳೆ ಎಂದುಕೊಂಡ. ಅವಳು ಬೈಯಲಿಲ್ಲ.

"ಹಂಪಮ್ಮ ಈಗ ಎಲ್ಲದಾಳ?"

"ಮನ್ಯಾಗ."

"ಏನ್ ಉಣ್ಣಾಕತ್ತಾಳ?"

ಕೊಟ್ಟೂರಪ್ಪ ಕೈ ತೊಳೆಯದೆ ಎದ್ದ.

ಹಚ್ಚೊಳ್ಳಿಯ ಮನೆಯಲ್ಲಿ ಹಂಪಮ್ಮ ಗೋಡೆಗೆ ಒರಗಿದ್ದಳು. ಸೆರಗಿಗೆಲ್ಲ ಮೂಗಿನ ರಕ್ತ. ಒಲೆಯ ಮೇಲೆ ಅನ್ನದ ಗಡಿಗೆ ಇತ್ತು. ಒಂದು ಕಾರು ಗೊತ್ತುಮಾಡಿ ಅವಳನ್ನು ಕೂರಿಸಿ, ಮೂಲೆಯಲ್ಲಿದ್ದ ಅರ್ಧ ಚೀಲ ಹಕ್ಕಲಕ್ಕಿಯನ್ನೂ ಅವಳ ಪಕ್ಕದಲ್ಲೇ ಇಟ್ಟ.

"ಚೀಲ ಯಾಕ್ರಿ? ದವಾಖಾನ್ಯಾಗೂ ದಲಾಲಿ ಮಾಡ್ತೀರೇನು?" ಎಂದಳು. ದನಿ ಸಣ್ಣದಾಗಿತ್ತು.

ಹೆದ್ದಾರಿ ಸಿಕ್ಕ ಮೇಲೆ ಕೊಟ್ಟೂರಪ್ಪ ಅವಳಿಗೂ ಎಲ್ಲ ಹೇಳಿದ. ಬೇಲಿ ಬಿಚ್ಚಿದ್ದು ಅವಳಿಗೆ ಗೊತ್ತಿತ್ತು, ಹೆಸರು ಕೊಟ್ಟದ್ದು ಗೊತ್ತಿರಲಿಲ್ಲ. ಸೋಮವಾರವೇ ಗೊತ್ತಾಗಿತ್ತು ಎಂಬುದೊಂದನ್ನು ಮಾತ್ರ ಹೇಳಲಿಲ್ಲ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹಂಗಾದ್ರ ಸುಮಂಗಲಾ ಏನೂ ಹಾಕಿಲ್ಲ."

"ಇಲ್ಲ ಬೇ."

"ಪೊಲೀಸ್ರು ಕೇಳಿದಾಗ ನಾ ಹೂಂ ಅಂದ್ಬಿಟ್ನಲ್ರಿ. ಆಕಿನ ಹಾಕಿರಬೇಕು ಅಂದೆ." ಅವಳು ಸೀಟು ಹಿಡಿದುಕೊಂಡಳು. "ಗಾಡಿ ಕುರುಗೋಡಿಗೆ ತಿರುಗಿಸ್ರಿ. ಆಕಿಗೆ ಒಂದು ಮಾತು ಹೇಳಬೇಕು."

"ಮೊದ್ಲು ದವಾಖಾನಿ. ಆಮ್ಯಾಲೆ ನಾನ ಕರಕೊಂಡು ಹೋಗ್ತೀನಿ."

ಆಮೇಲೆ ಎಂಬುದು ಸಿಗಲಿಲ್ಲ. ಬಳ್ಳಾರಿ ತಲುಪುವಷ್ಟರಲ್ಲಿ ಅವಳಿಗೆ ಎಚ್ಚರ ತಪ್ಪಿತ್ತು. ರಕ್ತ ತಲೆಯೊಳಗೆ ಇಳಿದಿದೆ ಎಂದರು. ಮಧ್ಯಾಹ್ನ ಹೋಗಿಬಿಟ್ಟಳು.

ಡಾಕ್ಟರ್ ಹೇಮಾ ಚೀಲಕ್ಕೆ ಮೊಹರು ಹಾಕಿಸಿ, ಕೊಟ್ಟೂರಪ್ಪನ ಹೇಳಿಕೆ ಬರೆಸಿಕೊಂಡಳು. ಉಳಿದ ಐದು ಮನೆಗೂ ಅದೇ ಗಳಿಗೆಯಲ್ಲಿ ಫೋನು ಹೋಯಿತು, ಹಕ್ಕಲಕ್ಕಿಗೆ ರೇಷನ್ ಅಕ್ಕಿ ಬೆರೆಸಿ ಉಣ್ಣುತ್ತಿದ್ದ ಐವರೂ ಉಳಿದುಕೊಂಡರು. ಅಮರೇಶನ ನಂಬರು ಅಂದಿನಿಂದ ಬಂದ್. ಶಿಬಿರದವರು ತೆಗೆದುಕೊಂಡ ರಕ್ತ ಯಾವ ಊರಿಗೆ ಹೋಯಿತೆಂದು ಇನ್ನೂ ವಿಚಾರಣೆ ನಡೆದಿದೆ. ವಿಚಾರಣೆಗೆ ಕರೆದಾಗಲೆಲ್ಲ ಕೊಟ್ಟೂರಪ್ಪ ಹೋಗುತ್ತಾನೆ, ಹೆಸರು ಕೊಟ್ಟವನು ನಾನೇ ಎಂದು ಪ್ರತಿ ಸಲವೂ ಹೇಳುತ್ತಾನೆ. ಅಂಗಡಿ ಬಾಗಿಲು ತೆರೆದಿರುತ್ತದೆ. ಚೀಲಕ್ಕೆ ಕೈಹಾಕುವುದನ್ನು ಬಿಟ್ಟಿದ್ದಾನೆ; ಯಾರಾದರೂ ಕೇಳಿದರೆ ಯಂತ್ರದವರ ಕಡೆ ಕೈ ತೋರಿಸುತ್ತಾನೆ.

ಕುರುಗೋಡಿಗೆ ಹೋದದ್ದನ್ನು ಮಾತ್ರ ಆತ ವೀರಭದ್ರಮ್ಮನಿಗೂ ಹೇಳಲಿಲ್ಲ. ಹಂಪಮ್ಮನ ಮಣ್ಣಾದ ಐದನೆಯ ದಿನ ಹೋಗಿದ್ದ. ಸುಮಂಗಲಾ ಒಳಗೆ ಕರೆಯಲಿಲ್ಲ, ಹೊರಗಿನ ಕಟ್ಟೆ ತೋರಿಸಿದಳು. ಹಂಪಮ್ಮ ಕಾರಿನಲ್ಲಿ ಆಡಿದ ಮಾತನ್ನು ಒಂದೂ ಬಿಡದೆ ಒಪ್ಪಿಸಿದ. ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು.

"ನಿಮಿಗೆ ಯಾವಾಗ ಗೊತ್ತಾತ್ರಿ?"

ಗುರುವಾರ ಎನ್ನಬಹುದಿತ್ತು. ಅಲ್ಲ ಎನ್ನಲು ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಸೋಮವಾರ," ಎಂದ.

"ಸೋಮವಾರ?" ಸುಮಂಗಲಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಮಂಗಳವಾರ ನಮ್ಮತ್ತಿ ಫೋನ್ ಮಾಡಿದ್ಳು. ಬಾ ಅನ್ನಲಿಲ್ಲ, ಬರಬ್ಯಾಡ ಅನ್ನಲಿಲ್ಲ. ಊಟ ಆತೇನು ಅಂತ ನಾನ ಕೇಳಿದೆ. ಹಕ್ಕಲಕ್ಕಿ ಅನ್ನ ಮಾಡ್ಕೊಂಡೀನಿ, ಭಾಳ ಮೆತ್ತಗಾಗೇತಿ, ಉಣ್ಣಾಕ ಕುಂತೀನಿ ಅಂದ್ಳು."

ಕೊಟ್ಟೂರಪ್ಪ ಕಟ್ಟೆಯಿಂದ ಎದ್ದ.

"ಉಣ್ಣು ಅಂದೆ ನಾನು," ಎಂದಳು ಸುಮಂಗಲಾ. "ಹೊಟ್ಟಿ ತುಂಬ ಉಣ್ಣು ಅಂದೆ."