ಬುದ್ಧನ ಅಡುಗೆಮನೆಯ ಒಕ್ಬುನಜ್ಜಿ
ಬೆಳಕು ಹರಿಯುವುದರೊಳಗೆ ನೀರು ಹೊತ್ತು, ಅಕ್ಕಿ ತೊಳೆದು, ಸೋಯಾಕಾಳು ರುಬ್ಬಿ, ಮೂಲಂಗಿ ಹೆಚ್ಚಿಟ್ಟು, ನಮ್ಮ ಬೆಟ್ಟದ ವಿಹಾರದ ಅಡುಗೆಯ ಒಕ್ಬುನಜ್ಜಿ ಕೊರಿಯಾದ ರಾಜಧಾನಿ ಸೋಲ್ ಪಟ್ಟಣದಿಂದ ಶಾಂತಿ ಹುಡುಕಿಕೊಂಡು ಬಂದವರ ಊಟದ ಪಂಕ್ತಿಗೆ ಕಾಯುತ್ತಾಳೆ. ಇಲ್ಲಿ ಉಂಡವರು ಬಟ್ಟಲಿಗೆ ಬಿಸಿನೀರು ಹಾಕಿ, ಮೂಲಂಗಿ ಚೂರಿನಿಂದ ತಿಕ್ಕಿ, ಆ ನೀರನ್ನೇ ಕುಡಿಯಬೇಕು. ಮುಖ ಕಿವುಚಿದರೆ, "ಆಸೆ ಬಿಡೋಕೆ ಬಂದೋರು ಅನ್ನ ಯಾಕಪ್ಪಾ ಬಿಡ್ತೀರಿ? ಕುಡೀರಿ, ಎಂಜಲು ತೊಳೆಯೋಕೆ ನಿಮ್ಮ ಹೆಂಡ್ತಿ ಬಂದಿಲ್ಲ" ಎನ್ನುತ್ತಾಳೆ. ನಿನ್ನೆ ಒಬ್ಬ, "ಪುಣ್ಯವಂತೆ ನೀವು ಅಜ್ಜಿ, ದಿನಾ ಬುದ್ಧನ ಹತ್ರಾನೇ ಇರ್ತೀರಿ" ಎಂದ. "ನಾನಿರೋದು ಅವನ ಒಲೆ ಹತ್ರ ಕಣಪ್ಪಾ" ಎಂದಳು. ಇಪ್ಪತ್ತು ವರ್ಷದಲ್ಲಿ ಆಕೆ ಒಮ್ಮೆಯೂ ಧ್ಯಾನಕ್ಕೆ ಕೂತಿಲ್ಲ. ಧ್ಯಾನದ ಗಂಟೆ ಬಾರಿಸುವುದೇ ಮಧ್ಯಾಹ್ನದ ಅನ್ನ ಕುದಿಯುವ ಹೊತ್ತಿಗೆ. ಇಂದು ಗಂಟೆ ಬಾರಿಸಿದಾಗ ಯಾರನ್ನೂ ಕೇಳದೆ, ಅರೆಬೆಂದ ಅನ್ನದ ಕೆಳಗಿನ ಬೆಂಕಿಗೆ ನೀರು ಸುರಿದು, ಧ್ಯಾನಮಂದಿರದ ಒಳಗೆ ಹೋಗಿ ಮುಂದಿನ ಸಾಲಿನಲ್ಲೇ ಕೂತಳು.