ಹಾಸನದ ಡಾಕ್ಟರು ನಿಜವಾಗಿ ಹೇಳಿದ್ದು

ಶಶಿ, ಅವತ್ತು ಹಾಸನದ ಡಾಕ್ಟರು ‘ಏನೂ ಇಲ್ಲ’ ಅನ್ನಲಿಲ್ಲ. ಹಾಗೆ ಅಂದವಳು ನಾನು, ನಿನ್ನ ಒಡಹುಟ್ಟಿದ ಅಕ್ಕ. ನಿನ್ನ ಮಗಳ ಮಿದುಳಿನ ಸ್ಕ್ಯಾನಿನಲ್ಲಿ ಕಂಡದ್ದನ್ನು ಹತ್ತು ವರ್ಷ ನಿನ್ನಿಂದ ಮುಚ್ಚಿಟ್ಟಿದ್ದೇನೆ.

ಹೇಗೆ ಹೇಳಲಿ — ಮೊದಲಿನಿಂದಲೇ ಹೇಳುತ್ತೇನೆ. ಚೊಚ್ಚಲ ಹೆರಿಗೆಗೆಂದು ನೀನು ಜಾವಗಲ್‌ನಿಂದ ಹಾರನಹಳ್ಳಿಗೆ, ತವರಿಗೆ ಬಂದಿದ್ದೆ. ಮಂಗಳವಾರ ಮಧ್ಯಾಹ್ನ ನೀರು ಒಡೆಯಿತು. ಅರಸೀಕೆರೆ ಆಸ್ಪತ್ರೆಗೆ ಹೋಗಲು ಬಾಡಿಗೆ ಕಾರು ಬಾಗಿಲಿಗೆ ಬಂದು ನಿಂತಿತ್ತು. ಅಮ್ಮ ಹೊಸಿಲಿಗೆ ಅಡ್ಡ ನಿಂತು, “ರಾಹುಕಾಲ ಕಣ್ರೇ, ಈಗ ಹೊರಡೋದಾ?” ಅಂದಳು. ಎಲ್ಲರೂ ನನ್ನ ಮುಖ ನೋಡಿದರು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು, ಮನೆಯಲ್ಲಿ ಕೊನೆಯ ಮಾತು ನನ್ನದೇ. “ಇನ್ನೇನು ಕಳೀತು. ಚೊಚ್ಚಲು, ಅಷ್ಟು ಬೇಗ ಆಗಲ್ಲ, ಕೂತ್ಕೊಳ್ಳಿ” ಅಂದುಬಿಟ್ಟೆ. ಬೇರೆ ವಿಷಯಕ್ಕೆಲ್ಲ ಅಮ್ಮನ ಬಾಯಿ ಮುಚ್ಚಿಸುತ್ತಿದ್ದವಳು ಅವತ್ತು ಮುಚ್ಚಿಸಲಿಲ್ಲ. ನನಗೂ ಒಳಗೊಳಗೇ ಹೆದರಿಕೆ — ಹೊರಟು ಏನಾದರೂ ಆದರೆ ನನ್ನ ತಲೆಗೇ ಬರುತ್ತದಲ್ಲ ಎಂದು. ನೀನು ಮಂಚದ ಅಂಚು ಹಿಡಿದುಕೊಂಡು, “ಅಕ್ಕ, ನೀರು ಹಸಿರಾಗೈತೆ” ಅಂದೆ. “ಅದೆಲ್ಲ ಮಾಮೂಲಿ ಕಣೇ” ಅಂದೆ. ಮಾಮೂಲಿಯೋ ಅಲ್ಲವೋ, ನನಗೇನು ಗೊತ್ತಿತ್ತು ಸುಡುಗಾಡು! ಒಳಗೆ ಮಗುವಿಗೆ ತೊಂದರೆಯಾದರೆ ನೀರು ಹಾಗಾಗುತ್ತದೆ ಎಂದು ತಿಳಿದದ್ದು ಆಮೇಲೆ. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನನ್ನ ಮುಕ್ಕಾಲು ಎಲ್ಲಿ ಹಾಳಾಗಿ ಹೋಗಿತ್ತೋ.

ರಾಹುಕಾಲ ಕಳೆದ ಮೇಲೆಯೇ ಅರಸೀಕೆರೆಗೆ ಹೊರಟೆವು. ಆಸ್ಪತ್ರೆಯಲ್ಲಿ ಮಗು ಹುಟ್ಟಿ ಅಳಲಿಲ್ಲ. ಕಾಲು ಹಿಡಿದು ತಟ್ಟಿದರು, ಮೂಗಿಗೆ ಆಮ್ಲಜನಕ ಹಿಡಿದರು. ಆಮೇಲೆ ಸಣ್ಣಗೆ ಕುಂಯ್ ಎಂದಿತು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾಗ ಎರಡು ಸಲ ಫಿಟ್ಸ್ ಬಂತು. ಮನೆಗೆ ಕಳಿಸುವಾಗ, ಹಾಸನಕ್ಕೆ ಕರೆದುಕೊಂಡು ಹೋಗಿ ತಲೆಯ ಸ್ಕ್ಯಾನ್ ಮಾಡಿಸಿ ಎಂದರು.

ನೀನೂ ಬರುತ್ತೇನೆಂದು ಹಟ ಹಿಡಿದೆ. ಹಸಿ ಬಾಣಂತಿ ಹೊಸಿಲು ದಾಟಬಾರದು, ಗಾಳಿ ಸೋಕಿದರೆ ಸನ್ನಿಯಾಗುತ್ತದೆ ಎಂದು ಅಮ್ಮ ನಿನ್ನ ಕಿವಿಗೆ ಬಟ್ಟೆ ಬಿಗಿದು ಕೋಣೆಯಲ್ಲಿ ಕೂರಿಸಿದಳು. ನಿನ್ನ ಗಂಡ ಬಸವರಾಜುಗೆ ರಜೆ ಸಿಗಲಿಲ್ಲ. ಹೀಗಾಗಿ ನಿನ್ನ ಹಾಲನ್ನು ಬಾಟಲಿಯಲ್ಲಿ ತುಂಬಿಕೊಂಡು, ಮಗುವನ್ನು ಮಡಿಲಲ್ಲಿಟ್ಟುಕೊಂಡು ನಾನೊಬ್ಬಳೇ ಹೋದೆ. ಬಾಣಂತನದ ಕೋಣೆಯ ಬಾಗಿಲು ಮುಚ್ಚಿದ್ದರಿಂದ ಡಾಕ್ಟರ ಮಾತು ಕೇಳಿಸಿಕೊಂಡ ಕಿವಿ ನನ್ನದೊಂದೇ ಆಯಿತು.

ನೆತ್ತಿಗೆ ಅಮ್ಮ ತಟ್ಟಿದ್ದ ಹರಳೆಣ್ಣೆಯನ್ನು ಆ ಡಾಕ್ಟರಮ್ಮ ಹತ್ತಿಯಲ್ಲಿ ಒರೆಸಿದರು. “ಇಲ್ಲಿ ಮೂಳೆ ಇನ್ನೂ ಕೂಡಿಲ್ಲ, ಇದೇ ನಮಗೆ ಕಿಟಕಿ” ಎನ್ನುತ್ತ ಸ್ಕ್ಯಾನ್ ಮಾಡುವ ಹಿಡಿಯನ್ನು ನೆತ್ತಿಯ ಮೇಲೆ ಮೆಲ್ಲಗೆ ಆಡಿಸಿದರು. ಪರದೆಯ ಮೇಲೆ ಬೂದು ಬಣ್ಣ, ನಡುವೆ ಅಲ್ಲಲ್ಲಿ ಬೆಳ್ಳಗೆ. ಅವರ ಕೈ ಒಂದು ಕಡೆ ನಿಂತಿತು. ಮತ್ತೆ ಅಲ್ಲಿಗೇ ಬಂತು. ಏನಾದರೂ ಮಾತಾಡಬಾರದೇ ಇವರು ಅನ್ನಿಸಿತು.

“ಹುಟ್ಟೋವಾಗ ಆಮ್ಲಜನಕ ಸಾಲದೆ ಮಿದುಳಿಗೆ ಪೆಟ್ಟಾಗಿದೆ. ಎಷ್ಟು ಅಂತ ಬೆಂಗಳೂರಿನಲ್ಲಿ ಎಂ.ಆರ್.ಐ. ಮಾಡಿಸಿದರೆ ಇನ್ನೂ ಸರಿಯಾಗಿ ಗೊತ್ತಾಗುತ್ತೆ. ಆದರೆ ಅಲ್ಲೀತನಕ ಕಾಯಬೇಡಿ. ಕೈಕಾಲಿಗೆ ವ್ಯಾಯಾಮ ಈಗಲೇ ಶುರು ಮಾಡಬೇಕು, ಪ್ರತಿ ತಿಂಗಳೂ ಕರ್ಕೊಂಡು ಬನ್ನಿ” ಎಂದರು. ಆಮೇಲೆ ಕೇಳಿದರು — “ಮನೆಯಿಂದ ಹೊರಡೋದು ತಡ ಆಯ್ತೇನಮ್ಮ?”

“ಇಲ್ಲ ಮೇಡಂ. ನೀರು ಒಡೆದ ತಕ್ಷಣ ಹೊರಟ್ವಿ.”

ಆ ಮಾತು ಬಾಯಿಂದ ಬಿದ್ದ ಮೇಲೆ ಹಿಂದಕ್ಕೆ ಬರಲು ನನಗೆ ದಾರಿಯೇ ಉಳಿಯಲಿಲ್ಲ. ಪೆಟ್ಟಾಗಿದೆ ಎಂದು ಮನೆಯಲ್ಲಿ ಹೇಳಿದರೆ ಯಾಕೆ ಅನ್ನುತ್ತಾರೆ. ಯಾಕೆ ಅಂದರೆ ಆ ಮಧ್ಯಾಹ್ನದ ಮಾತು ಬರುತ್ತದೆ. ಕಾರಿನಲ್ಲಿ ದಾರಿಯುದ್ದಕ್ಕೂ ಇದನ್ನೇ ಲೆಕ್ಕ ಹಾಕಿದೆನೇ ಹೊರತು ಮಡಿಲಲ್ಲಿದ್ದ ಕೂಸಿನ ಮುಖ ನೋಡಲಿಲ್ಲ. ಸ್ಕ್ಯಾನಿನ ರಿಪೋರ್ಟನ್ನು ನನ್ನ ಬ್ಯಾಗಿನ ತಳಕ್ಕೆ ತುರುಕಿದೆ. ಕೋಣೆಯ ಬಾಗಿಲಲ್ಲಿ ನೀನು ನಿಂತಿದ್ದೆ. “ಏನಂದ್ರು ಅಕ್ಕ?” — “ಏನೂ ಇಲ್ವಂತೆ ಕಣೇ, ಚೆನ್ನಾಗೈತಂತೆ.” ನೀನು ನನ್ನ ಕೈ ಹಿಡಿದು ಅತ್ತೆ. ಅಮ್ಮ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ನಾನೂ ತಿಂದೆ.

ನಿನ್ನ ಗಂಡನ ಮನೆಯವರು ಏನಂದಾರೋ, ನಿನ್ನ ಸಂಸಾರ ಉಳಿಯಲಿ ಎಂದು ಸುಮ್ಮನಾದೆ — ಹೀಗೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಬಸವರಾಜು ಬಂಗಾರದಂಥ ಮನುಷ್ಯ, ಅದು ಆಗಲೂ ನನಗೆ ಗೊತ್ತಿತ್ತು.

ಆರು ತಿಂಗಳಾದರೂ ನಂದಿನಿ ಮುಷ್ಟಿ ಬಿಡಲಿಲ್ಲ. ನೀನು ಕೇಳಿದಾಗಲೆಲ್ಲ “ಕೆಲವು ಮಕ್ಕಳು ನಿಧಾನ ಕಣೇ” ಅಂದೆ. ವ್ಯಾಯಾಮ ಮಾಡಿಸಬೇಕಾಗಿದ್ದ ತಿಂಗಳುಗಳು ಅವು, ಶಶಿ. ಒಂದೊಂದಾಗಿ ಕಳೆಯುವುದನ್ನು ನಾನು ನೋಡುತ್ತಿದ್ದೆ. ಬೇಗ ಹೊರಟಿದ್ದರೆ ಪೆಟ್ಟು ತಪ್ಪುತ್ತಿತ್ತೋ ಇಲ್ಲವೋ, ಅದನ್ನು ಯಾವ ಡಾಕ್ಟರೂ ಖಂಡಿತವಾಗಿ ಹೇಳಲಾರರು. ಆದರೆ ಆ ತಿಂಗಳುಗಳನ್ನು ಅವಳಿಂದ ಕಿತ್ತುಕೊಂಡದ್ದು ನಾನೇ, ಅದರಲ್ಲಿ ಅನುಮಾನವಿಲ್ಲ.

ಎರಡು ವರ್ಷಕ್ಕೆ ನೀನೇ ಹಟ ಮಾಡಿ ಬೆಂಗಳೂರಿಗೆ ಹೊರಟೆ, ನಾನೂ ಜೊತೆಗೆ ಬಂದೆ. ಎಂ.ಆರ್.ಐ. ನೋಡಿ ಅಲ್ಲಿನ ಡಾಕ್ಟರು, “ಇದು ಹುಟ್ಟುವಾಗಿನ ಪೆಟ್ಟಿನ ಹಾಗೆ ಕಾಣುತ್ತೆ. ಆಗ ಸ್ಕ್ಯಾನ್ ಮಾಡಿಸಿರಲಿಲ್ವಾ?” ಎಂದರು. ನೀನು ಥಟ್ಟನೆ, “ಮಾಡಿಸಿದ್ವಿ ಸಾರ್, ಏನೂ ಇರ್ಲಿಲ್ಲ. ನಮ್ಮಕ್ಕನೇ ಹೋಗಿದ್ರು” ಅಂದೆ. ಅವರು ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆ ಆಡಿಸಿದೆ. “ಆಗ ಏನೂ ಇರಲಿಲ್ಲ ಅಂದ್ರೆ ನಾನೇನು ಹೇಳಲಿ… ಆಮೇಲೆ ಎಲ್ಲಾದ್ರೂ ಬಿದ್ದಿತ್ತಾ?” ಎಂದರು. ನಿನ್ನ ಮುಖ ಬಿಳಿಚಿಕೊಂಡದ್ದು ಇವತ್ತಿಗೂ ಕಣ್ಣ ಮುಂದಿದೆ. ಮೂರು ತಿಂಗಳ ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಹುಯ್ಯುವಾಗ ಸೋಪಿನ ಕೈ ಜಾರಿ, ತಲೆ ಬಚ್ಚಲ ಕಲ್ಲಿಗೆ ತಾಕಿತ್ತಲ್ಲ — ಅದನ್ನು ನೀನು ಹೇಳಿದೆ. ಅವತ್ತಿನಿಂದ ನಿನ್ನ ಅತ್ತೆಯ ಬಾಯಲ್ಲಿ ಅದೊಂದೇ ಮಾತು. ನಿನ್ನ ಮನಸ್ಸಿನಲ್ಲೂ ಅದೊಂದೇ. ನಂದಿನಿಗೆ ನೀರು ಹುಯ್ಯುವುದನ್ನೇ ನೀನು ಬಿಟ್ಟುಬಿಟ್ಟೆ.

ಅದನ್ನೂ ನುಂಗಿಕೊಂಡಿದ್ದೆ, ಪಾಪಿ ನಾನು. ಆದರೆ ಹೋದ ಭಾನುವಾರ ಹಳೇಬೀಡಿನಲ್ಲಿ, ದೇವಸ್ಥಾನದ ಮುಂದಿನ ಹುಲ್ಲಿನ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದಾಗ, ನಂದಿನಿ ಒಂದೊಂದೇ ಮಾತನ್ನು ಕಷ್ಟಪಟ್ಟು ಹೊರಗೆ ತಂದು ಕೇಳಿದಳು — “ಅಮ್ಮ… ನೀನು… ಬೀಳ್ಸಿದ್ದಕ್ಕಾ… ನಂಗೆ ಹಿಂಗಾಗಿದ್ದು? ಅಜ್ಜಿ ಅಂತಾರೆ.”

ನೀನು ಅವಳ ಕಣ್ಣು ನೋಡಿಯೇ ಹೇಳಿದೆ, “ಹೂಂ ಕಣವ್ವ. ನಾನೇ.”

ಪಕ್ಕದಲ್ಲಿ ಕೂತಿದ್ದ ನಾನು ಅನ್ನ ಕಲಸುತ್ತಲೇ ಇದ್ದೆ.

ಶಶಿ, ನಿನ್ನ ಕೈಯಿಂದ ಆದದ್ದಲ್ಲ ಅದು. ಆ ಪೆಟ್ಟು ನೀನು ಅವಳಿಗೆ ಮೊದಲ ಸಲ ನೀರು ಹುಯ್ಯುವ ಮುಂಚೆಯೇ ಪರದೆಯ ಮೇಲಿತ್ತು, ನಾನು ಕಣ್ಣಾರೆ ನೋಡಿದ್ದೆ. ಇದನ್ನು ಬರೆದು ಕಳಿಸಿ ಮನೆಯಲ್ಲಿ ಅಡಗಿ ಕೂರುವುದಿಲ್ಲ. ನಾಳೆ ಜಾವಗಲ್ ಬಸ್ಸು ಹತ್ತುತ್ತೇನೆ. ನಿನ್ನ ಅತ್ತೆಯೂ ಬಸವರಾಜುವೂ ಇರಲಿ, ಎಲ್ಲರ ಎದುರಿಗೇ ಹೇಳುತ್ತೇನೆ. ನೀನು ಬಾಗಿಲು ಹಾಕಿದರೆ ಜಗಲಿಯ ಮೇಲೆ ನಿಂತೇ ಹೇಳುತ್ತೇನೆ. ನಂದಿನಿಯನ್ನು ಮಾತ್ರ ಒಳಗೆ ಕಳಿಸಬೇಡ. ಅವಳು ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನೀನಲ್ಲ, ನಾನು.